ಎರಡರಿಂದ ಒಂದನೇ ಗೇರಿಗೆ ಬರುವಾಗ ಕಾರು ಒದೆಯುತ್ತದೆ, ಯಾಕೆ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ತಗೊಂಡಿದ್ದೇನೆ. ಆರು ಗೇರಿನ ಎಸ್-ಟ್ರಾನಿಕ್ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್), ಓಡಿರುವುದು 68,000 ಕಿ.ಮೀ. ರಿಂಗ್ ರೋಡಿನಲ್ಲಿ ಒಂದೇ ವೇಗದಲ್ಲಿ ಹೋದರೆ ಯಾವ ತಕರಾರೂ ಇಲ್ಲ. ದಸರಾ ಲೈಟಿಂಗ್ ನೋಡಲು ಸಯ್ಯಾಜಿರಾವ್ ರಸ್ತೆಗೆ ಹೋದಾಗ ಮಾತ್ರ, ಆ ಜನಜಂಗುಳಿಯಲ್ಲಿ ಕಾರು ನಡುಗಲು ಶುರುವಾಯಿತು. ಹಂಪ್ ಹತ್ತಿರ ನಿಧಾನ ಮಾಡಿದರೆ 2ರಿಂದ 1ಕ್ಕೆ ಇಳಿಯುವಾಗ ಹಿಂದಿನಿಂದ ಯಾರೋ ಒದ್ದ ಹಾಗಾಗುತ್ತದೆ. ಓವರ್‌ಟೇಕ್ ಮಾಡಲು ಒತ್ತಿದರೆ ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಚಿಮ್ಮುತ್ತದೆ. ಗ್ಯಾರೇಜಿನವರು ಗೇರು, ಕ್ಲಚ್ಚುಗಳನ್ನು ನಡೆಸುವ ಮೆಕಾಟ್ರಾನಿಕ್ ಯೂನಿಟ್ಟೇ ಬದಲಿಸಬೇಕು ಅನ್ನುತ್ತಿದ್ದಾರೆ. ಹೌದಾ ಸರ್?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮೆಕಾಟ್ರಾನಿಕ್‌ಗೆ ದುಡ್ಡು ಸುರಿಯುವ ಮಾತು ಈಗಲೇ ಬೇಡ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಕೊನೆಯದು ತೊಂದರೆಯೇ ಅಲ್ಲ.

ಈ ಗೇರ್‌ಬಾಕ್ಸಿನಲ್ಲಿ ಒಂದು ಕ್ಲಚ್ 1, 3, 5ನೇ ಗೇರುಗಳದ್ದು, ಇನ್ನೊಂದು 2, 4, 6ರದ್ದು. ನೀವು 4ರಲ್ಲಿ ವೇಗ ಏರಿಸುತ್ತಿದ್ದರೆ 5ನೇ ಗೇರು ಆಗಲೇ ಪಕ್ಕದ ಶಾಫ್ಟಿನಲ್ಲಿ ಸಿದ್ಧವಾಗಿ ಕೂತಿರುತ್ತದೆ. ಒಂದು ಕ್ಲಚ್ ಬಿಟ್ಟು ಇನ್ನೊಂದು ಹಿಡಿದರೆ ಕೆಲಸ ಮುಗಿಯಿತು, ಚುರುಕಿನ ಗುಟ್ಟು ಅಷ್ಟೇ. ಅದು 5 ಬರುತ್ತದೆಂದು ಕಾಯುತ್ತಿರುವಾಗ ನೀವು ಏಕಾಏಕಿ ಒತ್ತಿ 3 ಕೇಳಿದರೆ, ಹಾಕಿಟ್ಟದ್ದನ್ನು ತೆಗೆದು ಬೇರೆ ಹಾಕಬೇಕು. 6ರಿಂದ 2ಕ್ಕೆ ಬರಬೇಕಾದರಂತೂ ಎರಡೂ ಒಂದೇ ಕ್ಲಚ್ಚಿನ ಗೇರುಗಳು, ಸೀದಾ ಇಳಿಯಲು ದಾರಿಯೇ ಇಲ್ಲ. 5ರ ಮೂಲಕ ಹಾದು ಬರುತ್ತದೆ. ಆ ಒಂದು ಕ್ಷಣದ ಮೌನ ಅದೇ. ಓವರ್‌ಟೇಕ್‌ಗೆ ಮುಂಚೆ ಸ್ಟೀರಿಂಗ್ ಹಿಂದಿನ ಎಡಗಡೆಯ ಪ್ಯಾಡಲ್ ಒಮ್ಮೆ ಎಳೆದು ಗೇರು ಇಳಿಸಿ, ಇಲ್ಲವೇ ಎಸ್ (ಸ್ಪೋರ್ಟ್) ಮೋಡಿಗೆ ಹಾಕಿ.

ಇನ್ನು ನಡುಕದ ವಿಚಾರ. ಮಾಮೂಲಿ ಆಟೋಮ್ಯಾಟಿಕ್‌ನಲ್ಲಿ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುತ್ತದೆ, ಆಮೆವೇಗದಲ್ಲಿ ಹೋದರೂ ಅದಕ್ಕೆ ತೊಂದರೆಯಿಲ್ಲ. ನಿಮ್ಮದರಲ್ಲಿ ಆ ಕೆಲಸ ಕ್ಲಚ್ಚೇ ಮಾಡಬೇಕು, ಅರ್ಧ ಹಿಡಿದು ಅರ್ಧ ಜಾರುತ್ತಾ. ಎಣ್ಣೆಯಲ್ಲಿ ಮುಳುಗಿರುವ ವೆಟ್ ಕ್ಲಚ್ ಆದ್ದರಿಂದ ತಡೆದುಕೊಳ್ಳುತ್ತದೆ, ಆದರೆ ಎಣ್ಣೆ ಚೆನ್ನಾಗಿರಬೇಕು. ಇದರ ಎಣ್ಣೆ ಮತ್ತು ಫಿಲ್ಟರ್ 60,000 ಕಿ.ಮೀ.ಗೆ ಬದಲಾಗಬೇಕು. ಹಳೇ ಮಾಲೀಕರ ಬಿಲ್ ಇದೆಯಾ ನೋಡಿ. ಇಲ್ಲದಿದ್ದರೆ ಮಾಡಿಲ್ಲ ಅಂತಲೇ ತಿಳಿಯಿರಿ. ಎಣ್ಣೆಯ ಮಟ್ಟ ನೋಡುವುದು ಎಂಜಿನ್ ಓಡುತ್ತಿರುವಾಗ, ಎಣ್ಣೆ 35ರಿಂದ 45 ಡಿಗ್ರಿ ಇರುವಾಗ. ಸ್ಕ್ಯಾನರ್ ಹಚ್ಚಿ ತಾಪಮಾನ ನೋಡದೆ ಕಣ್ಣಳತೆಯಲ್ಲಿ ತುಂಬಿಸುವವರ ಕೈಗೆ ಕಾರು ಕೊಡಬೇಡಿ. ಎಣ್ಣೆ ಹಾಕಿದ ಮೇಲೆ ಅದೇ ಸ್ಕ್ಯಾನರಿನಿಂದ ಬೇಸಿಕ್ ಸೆಟ್ಟಿಂಗ್ ಮಾಡಿಸಿ. ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಕಂಪ್ಯೂಟರ್ ಆಗ ಹೊಸದಾಗಿ ಕಲಿಯುತ್ತದೆ. ಎಷ್ಟೋ ಸಲ 2ರಿಂದ 1ರ ಒದೆತವೂ ಇಲ್ಲಿಗೇ ನಿಂತುಬಿಡುತ್ತದೆ.

ಗ್ಯಾರೇಜಿಗೆ ಹೋಗುವ ಮೊದಲು ಒಂದು ಪರೀಕ್ಷೆ ನೀವೇ ಮಾಡಿ. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಎಂಜಿನ್ ಬಿಸಿಯಾದ ಮೇಲೆ ಮ್ಯಾನ್ಯುಅಲ್ ಮೋಡಿನಲ್ಲಿ 3ನೇ ಗೇರು ಹಾಕಿ, 2,000 ಆರ್‌ಪಿಎಂ ಸುಮಾರಿನಿಂದ ನಿಧಾನಕ್ಕೆ ಒತ್ತುತ್ತಾ ಹೋಗಿ. ಅಲ್ಲಿ ಕ್ಲಚ್ ಪೂರ್ತಿ ಹಿಡಿದಿರುತ್ತದೆ. ಆಗಲೂ ತಡವರಿಸಿದರೆ ಹೆಚ್ಚಾಗಿ ಇಗ್ನಿಷನ್ ಕಾಯಿಲ್ ಅಥವಾ ಸ್ಪಾರ್ಕ್ ಪ್ಲಗ್ಗಿನ ಮೇಲೆ ಅನುಮಾನ ಪಡಿ. ಗೇರ್‌ಬಾಕ್ಸಿನ ಹೆಸರಿನಲ್ಲಿ ಬಿಲ್ ಕಟ್ಟಬೇಡಿ. ಆಮೇಲೆ ಒಂದೊಂದೇ ಗೇರು ಏರಿಸಿ, ಇಳಿಸಿ, ಎಲ್ಲೆಲ್ಲಿ ಜರ್ಕ್ ಬರುತ್ತದೆ ಅಂತ ಪಕ್ಕದಲ್ಲಿ ಕೂತವರಿಂದ ಬರೆಸಿ. ಬೆಸ ಗೇರುಗಳು ಹಿಡಿಯುವಾಗ ಮಾತ್ರ ಅಥವಾ ಸಮ ಗೇರುಗಳು ಹಿಡಿಯುವಾಗ ಮಾತ್ರ ಬಂದರೆ ದೋಷ ಆಯಾ ಕ್ಲಚ್ಚಿನ ಕಡೆಗಿದೆ. ಎಲ್ಲದರಲ್ಲೂ ಬಂದರೆ ಎಂಜಿನ್ನಿನ ಕೆಳಗಿನ ಮೌಂಟ್ ನೋಡಿಸಿ. ರಬ್ಬರ್ ಹರಿದಿದ್ದರೆ ಡಿ, ಆರ್ ಬದಲಿಸಿದಾಗಲೆಲ್ಲ ದಡ್ ಅನ್ನುತ್ತದೆ. ಎಂಜಿನ್ ಆಫ್ ಮಾಡಿದಾಗ ಗಡಗಡ ಸದ್ದು ಬಂದರೆ, ಎಂಜಿನ್ನಿನ ನಡುಕ ಗೇರ್‌ಬಾಕ್ಸಿಗೆ ದಾಟದಂತೆ ತಡೆಯುವ ಡ್ಯುಅಲ್ ಮಾಸ್ ಫ್ಲೈವೀಲ್ ಮೇಲೆ ಅನುಮಾನ ಪಡಿ. ಈ ಚೀಟಿ ಕೈಯಲ್ಲಿದ್ದರೆ ಗ್ಯಾರೇಜಿನವರ ಮಾತಿನ ಧಾಟಿಯೇ ಬದಲಾಗುತ್ತದೆ, ನೋಡ್ತಾ ಇರಿ.

ಟ್ರಾಫಿಕ್ಕಿನಲ್ಲಿ ಒಂದೊಂದು ಅಡಿ ತೆವಳಬೇಡಿ. ಮುಂದಿನ ಕಾರಿಗೆ ಜಾಗ ಬಿಟ್ಟು, ಬ್ರೇಕ್ ಪೂರ್ತಿ ಒತ್ತಿ ನಿಂತು, ಆಮೇಲೆ ಒಂದೇ ಸಲ ಮುಂದೆ ಹೋಗಿ. ಬ್ರೇಕ್ ಒತ್ತಿ ನಿಂತಾಗ ಕ್ಲಚ್ ಬಿಟ್ಟುಕೊಳ್ಳುತ್ತದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡೇ ಕಾರನ್ನು ನಿಲ್ಲಿಸಿಕೊಳ್ಳುವ ಚಾಳಿ ಇದ್ದರೆ ಇವತ್ತೇ ಬಿಡಿ.

ಪ್ರಶ್ನೆ: ನನ್ನದು ಏಳು ಗೇರಿನ ಡಿಎಸ್‌ಜಿ (ಇದೂ ಎರಡು ಕ್ಲಚ್ಚಿನದೇ), ಎಣ್ಣೆಯಲ್ಲಿ ಮುಳುಗದ ಡ್ರೈ ಕ್ಲಚ್ ಇರುವ ಹ್ಯಾಚ್‌ಬ್ಯಾಕ್. ನಿನ್ನೆಯಿಂದ ಗೇರಿನ ಗುರುತು ಮಿಣುಕುತ್ತಿದೆ, 1ರಿಂದ ಸೀದಾ 3ಕ್ಕೆ ಹಾರುತ್ತದೆ, ರಿವರ್ಸ್ ಬೀಳುತ್ತಿಲ್ಲ. ಎಕ್ಸ್‌ಪ್ರೆಸ್‌ವೇ ಮೇಲೆ ಮೈಸೂರಿಗೆ ಓಡಿಸಿಕೊಂಡು ಬರಬಹುದಾ?
– ಓದುಗರು, ಮಂಡ್ಯ

ಉತ್ತರ: ಬರಬೇಡಿ. ಆ ಪೆಟ್ಟಿಗೆಯಲ್ಲಿ 2, 4, 6 ಮತ್ತು ರಿವರ್ಸ್ ಒಂದೇ ಕ್ಲಚ್ಚಿಗೆ ಸೇರಿದವು. ನಾಲ್ಕೂ ಒಟ್ಟಿಗೆ ಕೈಕೊಟ್ಟಿವೆ ಅಂದರೆ ಆ ಭಾಗವನ್ನು ಕಂಪ್ಯೂಟರ್ ತಾನೇ ಬಂದ್ ಮಾಡಿದೆ. ಕಾರಣ ಸವೆದ ಕ್ಲಚ್ ಇರಬಹುದು, ಮೆಕಾಟ್ರಾನಿಕ್ ಇರಬಹುದು, ಬರೀ ವೈರಿಂಗ್ ಕೂಡ ಇರಬಹುದು. ಫಾಲ್ಟ್ ಕೋಡ್ ಓದದೆ ಹೇಳುವುದು ಶಾಸ್ತ್ರ ಹೇಳಿದ ಹಾಗೆ. ಫ್ಲ್ಯಾಟ್‌ಬೆಡ್ ತರಿಸಿ ಅದರ ಮೇಲೆ ಕಳಿಸಿ, ಹಗ್ಗ ಕಟ್ಟಿ ಎಳೆಸಬೇಡಿ. ಬ್ಯಾಟರಿ ಕೇಬಲ್ ಬಿಚ್ಚಿ ಹಾಕಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕೋಡ್ ಓದಿ ಬರೆದಿಟ್ಟುಕೊಳ್ಳುವ ತನಕ ಏನನ್ನೂ ಅಳಿಸಲು ಬಿಡಬೇಡಿ.