ಇಪ್ಪತ್ಮೂರಕ್ಕೇ ನಡು ನೋವು ಬರುತ್ತಾ?

ಬ್ಯಾಡಗಿ ಕಡೆಯ ಓದುಗರೊಬ್ಬರ ಪತ್ರ. ವಯಸ್ಸು 23. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾರೆ. ಮೂರು ತಿಂಗಳಿಂದ ನಡು ನೋವು. ಎಂಆರ್‌ಐ ಮಾಡಿಸಿದರೆ ‘ಡಿಸ್ಕ್ ಬಲ್ಜ್’ ಅಂತ ಬಂದಿದೆ, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ. ಮಾವ ಬೈಕ್ ಬಿಡು ಎಂದರಂತೆ, ರೂಮ್‌ಮೇಟ್ ಹಲಗೆ ಮೇಲೆ ಮಲಗು ಎಂದನಂತೆ. ತಾಯಿಯದು ಒಂದೇ ಮಾತು: ‘ದಿನಾ ಕುಂತು ಮೆಣಸಿನಕಾಯಿ ತೊಟ್ಟು ಬಿಡಸೋರು ನಾವು. ನಮಗಿಲ್ಲದ ನೋವು ನಿನಗ್ಯಾಕ ಬಂತು?’ ಈಗಲೇ ಹೀಗಾದರೆ ಫಿಸಿಕಲ್ (ಓಟ, ಜಿಗಿತದ ದೈಹಿಕ ಪರೀಕ್ಷೆ) ಗತಿ ಏನು ಅನ್ನೋದು ಇವರ ಚಿಂತೆ.

ಸಂಪಾದಕರ ಉತ್ತರ:

ತಾಯಿಗೂ ನೋವಿರಬಹುದು, ಹೇಳಿರಲಿಕ್ಕಿಲ್ಲ. ಊರಿಗೆ ಹೋದಾಗ ಕೇಳಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟನೋವಿತ್ತು. ಅವರೆಲ್ಲ ಮುದುಕರಲ್ಲ. ಹೈಸ್ಕೂಲ್ ವಯಸ್ಸಿನಲ್ಲೇ ಇದು ಶುರುವಾಗುತ್ತದೆ. ಹದಿನೆಂಟರ ಹೊತ್ತಿಗೆ ದೊಡ್ಡವರಲ್ಲಿ ಇರುವಷ್ಟೇ ಸಾಮಾನ್ಯ.

ನಿಮ್ಮನ್ನು ಜಾಸ್ತಿ ಹೆದರಿಸಿರುವುದು ಆ ರಿಪೋರ್ಟ್, ಅಲ್ವಾ? ನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದ ಅಧ್ಯಯನವೊಂದು 2015ರಲ್ಲಿ ಬಂತು. ಇಪ್ಪತ್ತರ ವಯಸ್ಸಿನವರಲ್ಲೇ 100ಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿತ್ತು. ಅವರೆಲ್ಲ ಆರಾಮಾಗಿದ್ದರು. ಹಾಗಾಗಿ ‘ಬಲ್ಜ್’ ಕಂಡಿತು ಅಂದರೆ ನೋವಿನ ಕಾರಣ ಸಿಕ್ಕಿತು ಅಂತಲ್ಲ. ಆ ಫಿಲ್ಮನ್ನು ಕಂಡಕಂಡವರಿಗೆ ತೋರಿಸುವುದನ್ನು ನಿಲ್ಲಿಸಿ.

ಸೊಂಟನೋವಿನಲ್ಲಿ 100ಕ್ಕೆ ಸುಮಾರು 90 ಪಾಲಿಗೆ ಇಂಥದ್ದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂರುವುದು, ನಿದ್ದೆಗೆಡುವುದು, ಸಿಗರೇಟು, ರಿಸಲ್ಟಿನ ಟೆನ್ಷನ್ ಎಲ್ಲ ಸೇರಿಕೊಳ್ಳುತ್ತವೆ. ಕೊನೆಯದನ್ನು ಸುಮ್ನೆ ಸೇರಿಸಿಲ್ಲ. ಮನಸ್ಸಿನ ಒತ್ತಡ ಇದ್ದವರಲ್ಲಿ ನೋವು ಬೇಗ ಬಿಡುವುದಿಲ್ಲ. ಬೈಕಿನ ಕುಲುಕಾಟವೂ ಸ್ವಲ್ಪ ಸೇರಬಹುದು, ಆದರೆ ಮಾವ ಅಂದುಕೊಂಡಷ್ಟು ದೊಡ್ಡ ಅಪರಾಧಿ ಅದಲ್ಲ. ಹಲಗೆಯ ಮಾತು ಬಿಟ್ಟುಬಿಡಿ. ತೀರಾ ಮೆತ್ತಗೂ ಅಲ್ಲದ, ತೀರಾ ಗಟ್ಟಿಯೂ ಅಲ್ಲದ ಹಾಸಿಗೆ ಸಾಕು.

ಒಂದು ವಿಷಯ ನೀವು ಬರೆದಿಲ್ಲ. ನೋವು ಬೆಳಗ್ಗೆ ಜಾಸ್ತಿಯೋ, ಸಂಜೆಯೋ? ಎದ್ದ ಮೇಲೆ ಅರ್ಧ ಗಂಟೆಗೂ ಹೆಚ್ಚು ಸೊಂಟ ಬಿಗಿದುಕೊಂಡಿದ್ದು, ಓಡಾಡಿದಂತೆ ಹಗುರವಾಗಿ, ಮಲಗಿದರೆ ಮತ್ತೆ ಹೆಚ್ಚಾಗುತ್ತದೆಯೇ? ಮಧ್ಯರಾತ್ರಿ ನೋವಿಗೆ ಎಚ್ಚರವಾಗುತ್ತದೆಯೇ? ಹಾಗಿದ್ದರೆ ರುಮಟಾಲಜಿಸ್ಟ್ (ಕೀಲು ಉರಿಯೂತದ ತಜ್ಞರು) ಒಬ್ಬರನ್ನು ಕಾಣಿ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಕಾಯಿಲೆ ಹೆಚ್ಚಾಗಿ ನಿಮ್ಮ ವಯಸ್ಸಿನಲ್ಲೇ ಶುರುವಾಗುತ್ತದೆ. ‘ಹುಡುಗನಿಗೆ ಏನಾಗುತ್ತೆ’ ಅನ್ನುವ ಮಾತಿನಲ್ಲೇ ಎಷ್ಟೋ ಜನರಿಗೆ ಅದು ವರ್ಷಗಟ್ಟಲೆ ಗೊತ್ತಾಗುವುದೇ ಇಲ್ಲ. ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಬೆನ್ನುಮೂಳೆಯ ಟಿಬಿಯೂ ಇರಬಹುದು, ನಮ್ಮ ದೇಶದಲ್ಲಿ ಅದನ್ನು ಮರೆಯುವಂತಿಲ್ಲ. ಫಾಸ್ಟ್ ಬೌಲಿಂಗ್ ಮಾಡುವವರಾಗಿದ್ದು, ಹಿಂದಕ್ಕೆ ಬಾಗಿದಾಗ ಚುಚ್ಚಿದರೆ, ಕೆಳಬೆನ್ನಿನ ಮೂಳೆಯಲ್ಲಿ ಸಣ್ಣ ಬಿರುಕಿದೆಯೇ ಅಂತ ನೋಡಿಸಿ. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ, ತೊಡೆಸಂದಿ ಮರಗಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇವ್ಯಾವೂ ಇಲ್ಲದಿದ್ದರೆ ಮಲಗಬೇಡಿ. ಬೆಡ್ ರೆಸ್ಟ್ ಹಳೆಯ ಕಾಲದ ಸಲಹೆ, ಅದರಿಂದ ಸ್ನಾಯು ಇನ್ನಷ್ಟು ಸೋಲುತ್ತವೆ. ಅರ್ಧ ಗಂಟೆಗೊಮ್ಮೆ ಎದ್ದು, ಕರೆಂಟ್ ಅಫೇರ್ಸ್ ನಿಂತುಕೊಂಡೇ ಓದಿ. ಫಿಸಿಕಲ್ ಕೈಬಿಡುವ ಮಾತು ಈಗಲೇ ಬೇಡ. ಎರಡು ವಾರ ಬೆಳಗ್ಗೆ ನಡೆಯಿರಿ, ಆಮೇಲೆ ನಿಧಾನ ಓಟ ಸೇರಿಸಿ. ಸ್ವಲ್ಪ ನೋವಾದರೂ ಪರವಾಗಿಲ್ಲ, ಮರುದಿನಕ್ಕೆ ಅದು ಹೆಚ್ಚಿರಬಾರದು ಅಷ್ಟೆ. ಲಾಂಗ್ ಜಂಪ್, ಗುಂಡು ಎಸೆತವನ್ನು ಫಿಸಿಯೋಥೆರಪಿಸ್ಟ್ ಹೇಳಿದ ಮೇಲೆ ಶುರು ಮಾಡಿ.