ಲೆಕ್ಕ ಬಿಡಿಸುತ್ತಾರೆ, ಬಲ ಅರ್ಥವಾಗಿಲ್ಲ

ಪ್ರಶ್ನೆ: ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಮೆಕ್ಯಾನಿಕ್ಸ್ ಪಾಠ ಮಾಡುತ್ತೇನೆ. ಲೆಕ್ಕ ಕೊಟ್ಟರೆ ವಿದ್ಯಾರ್ಥಿಗಳು ಸರಸರನೆ ಬಿಡಿಸುತ್ತಾರೆ. ಆದರೆ ಲಾರಿಯೂ ಸಣ್ಣ ಕಾರೂ ಮುಖಾಮುಖಿ ಡಿಕ್ಕಿ ಹೊಡೆದಾಗ ಯಾವುದು ಹೆಚ್ಚು ಬಲ ಹಾಕುತ್ತದೆ ಎಂದು ಕೇಳಿದರೆ ಬಹಳಷ್ಟು ಮಂದಿ ‘ಲಾರಿ’ ಎನ್ನುತ್ತಾರೆ. ತರಗತಿಯಲ್ಲಿ ಚರ್ಚೆ ಮಾಡಿಸಿದರೆ ‘ಪಾಠವನ್ನೇ ಮಾಡುವುದಿಲ್ಲ’ ಎಂಬ ದೂರು. ಅವರಿಗೆ ನಿಜಕ್ಕೂ ಎಷ್ಟು ಅರ್ಥವಾಗಿದೆ ಎಂದು ಅಳೆಯುವುದು ಹೇಗೆ? ಉಪನ್ಯಾಸಕ್ಕೇ ಮರಳಲೇ?

ಉತ್ತರ: ದಯವಿಟ್ಟು ಮರಳಬೇಡಿ. ನೀವು ಕೇಳಿದ ಲಾರಿ ಪ್ರಶ್ನೆಯಲ್ಲೇ ನಿಮಗೆ ಬೇಕಾದ ಅಳತೆಗೋಲು ಇದೆ.

ಇಂಥ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಅಮೆರಿಕದ ಭೌತವಿಜ್ಞಾನಿ ಡೇವಿಡ್ ಹೆಸ್ಟೆನ್ಸ್ ಮತ್ತು ಸಂಗಡಿಗರು 1992ರಲ್ಲಿ ‘ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ’ ಎಂಬ ಪರೀಕ್ಷೆಯನ್ನು ಪ್ರಕಟಿಸಿದರು. ಈಗಿನ ಆವೃತ್ತಿಯಲ್ಲಿ 30 ಬಹುಆಯ್ಕೆ ಪ್ರಶ್ನೆಗಳಿವೆ. ಸೂತ್ರ ಹಾಕಿ ಲೆಕ್ಕ ಮಾಡುವ ಕೆಲಸವಿಲ್ಲ. ಇದರ ಜೀವಾಳ ಇರುವುದು ತಪ್ಪು ಆಯ್ಕೆಗಳಲ್ಲಿ. ‘ಭಾರವಾದದ್ದು ಹೆಚ್ಚು ಬಲ ಹಾಕುತ್ತದೆ’, ‘ವಸ್ತು ಚಲಿಸುತ್ತಿದ್ದರೆ ಆ ದಿಕ್ಕಿನಲ್ಲಿ ಬಲ ಇರಲೇಬೇಕು’ ಎಂಬಂಥ, ವಿದ್ಯಾರ್ಥಿಗಳು ಮೊದಲಿನಿಂದ ನಂಬಿಕೊಂಡು ಬಂದ ಮಾತುಗಳೇ ಅಲ್ಲಿ ಆಯ್ಕೆಗಳಾಗಿ ನಿಂತಿವೆ. ಹಾಗಾಗಿ ಯಾರು ತಪ್ಪಿದರು ಎಂಬುದರ ಜೊತೆಗೆ ಯಾವ ನಂಬಿಕೆ ತಪ್ಪಿಸಿತು ಎಂಬುದೂ ತಿಳಿಯುತ್ತದೆ. ನಿಮ್ಮ ವಿದ್ಯಾರ್ಥಿಗಳು ಬಲವನ್ನೂ ಅದರ ಪರಿಣಾಮವನ್ನೂ ಒಂದೇ ಎಂದುಕೊಂಡಿರಬಹುದು. ಬಲ ಎರಡರ ಮೇಲೂ ಸಮ. ಕಾರಿನ ದ್ರವ್ಯರಾಶಿ ಕಡಿಮೆ, ಆದ್ದರಿಂದ ಅದರ ವೇಗ ಬದಲಾಗುವ ದರ ಹೆಚ್ಚು. ಕಾರು ನಜ್ಜುಗುಜ್ಜಾಗುವುದನ್ನು ಕಣ್ಣಾರೆ ಕಂಡವರಿಗೆ ‘ಸಮಬಲ’ ಎಂಬ ಮಾತು ಒಪ್ಪಿಗೆಯಾಗದಿರುವುದು ಸಹಜವೇ. ಎಂಜಿನಿಯರಿಂಗ್‌ನ ಸ್ಟಾಟಿಕ್ಸ್ (ನಿಶ್ಚಲ ವಸ್ತುಗಳ ಮೇಲಿನ ಬಲಗಳ ಅಧ್ಯಯನ), ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ವಿಷಯಗಳಿಗೂ ಇಂಥ ಪರೀಕ್ಷೆಗಳಿವೆ.

ಬಳಸುವ ವಿಧಾನ ಸರಳ. ಕೋರ್ಸ್ ಶುರುವಾಗುವ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಅದೇ ಪರೀಕ್ಷೆ ಕೊಡಿ. ಇದಕ್ಕೆ ಅಂಕ ಇಡಬೇಡಿ. ಪ್ರಶ್ನೆಪತ್ರಿಕೆಯನ್ನು ವಾಪಸ್ ಪಡೆಯಿರಿ, ಉತ್ತರಗಳನ್ನು ಹಂಚಬೇಡಿ, ಅವು ಹೊರಬಿದ್ದರೆ ಅಳತೆಯೇ ಕೆಡುತ್ತದೆ. ಆಮೇಲೆ, ಗಳಿಸಲು ಬಾಕಿಯಿದ್ದುದರಲ್ಲಿ ಎಷ್ಟು ಪಾಲು ಗಳಿಸಿದರು ಎಂದು ನೋಡಿ. ತರಗತಿಯ ಸರಾಸರಿ ಶೇ 40ರಿಂದ ಶೇ 55ಕ್ಕೆ ಏರಿದರೆ, ಬಾಕಿಯಿದ್ದ 60ರಲ್ಲಿ ಸಿಕ್ಕಿದ್ದು 15, ಅಂದರೆ 0.25. ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸ್‌ಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶವನ್ನು ಹೀಗೆಯೇ ಲೆಕ್ಕ ಹಾಕಿದರು. ಸಾಂಪ್ರದಾಯಿಕ ಉಪನ್ಯಾಸದ ಕೋರ್ಸ್‌ಗಳ ಸರಾಸರಿ 0.23, ವಿದ್ಯಾರ್ಥಿಗಳೇ ಚರ್ಚಿಸಿ ಯೋಚಿಸುವ ಕೋರ್ಸ್‌ಗಳದ್ದು 0.48. ಒಳ್ಳೆಯ ಉಪನ್ಯಾಸಕರೂ ಈ ವಿಷಯದಲ್ಲಿ ಸೋಲುತ್ತಾರೆ ಎಂಬುದನ್ನು ನಾವು ಅಧ್ಯಾಪಕರು ಒಪ್ಪಿಕೊಳ್ಳಲು ಇನ್ನೂ ಹಿಂಜರಿಯುತ್ತೇವೆ, ಅದು ನನಗೆ ಬೇಸರ ತರಿಸುವ ಸಂಗತಿ.

ಈಗ ದೂರಿನ ವಿಷಯ. 2019ರಲ್ಲಿ ಲೂಯಿ ಡೆಲೊರಿಯೇ ಮತ್ತು ಸಹೋದ್ಯೋಗಿಗಳು ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ಪಾಠದ ವಸ್ತು ಒಂದೇ. ಒಂದು ಗುಂಪಿಗೆ ನಿರರ್ಗಳ ಉಪನ್ಯಾಸ, ಇನ್ನೊಂದಕ್ಕೆ ತಾವೇ ಸಮಸ್ಯೆಯ ಜೊತೆ ಗುದ್ದಾಡುವ ಕೆಲಸ. ಗುದ್ದಾಡಿದವರು ಪರೀಕ್ಷೆಯಲ್ಲಿ ಮುಂದಿದ್ದರು, ಆದರೆ ತಾವು ಕಡಿಮೆ ಕಲಿತೆವು ಎಂದು ಹೇಳಿದರು! ಸಲೀಸಾಗಿ ಕೇಳಿಸಿದ್ದನ್ನು ಮನಸ್ಸು ‘ಅರ್ಥವಾಯಿತು’ ಎಂದುಕೊಳ್ಳುತ್ತದೆ, ಕಷ್ಟಪಟ್ಟದ್ದನ್ನು ‘ತಿಳಿಯಲಿಲ್ಲ’ ಎಂದುಕೊಳ್ಳುತ್ತದೆ. ಆದ್ದರಿಂದ ದೂರು ಬಂದಿತೆಂದು ಚರ್ಚೆ ಕೈಬಿಡಬೇಡಿ, ಹಾಗೆಂದು ದೂರನ್ನು ಕಡೆಗಣಿಸಲೂಬೇಡಿ. ಮೊದಲ ವಾರದಲ್ಲೇ ಈ ಪ್ರಯೋಗವನ್ನು ಅವರ ಮುಂದಿಡಿ. ಸೆಮಿಸ್ಟರ್ ಆರಂಭದಲ್ಲಿ ಹೀಗೆ ವಿವರಿಸಿದಾಗ ಹೆಚ್ಚಿನವರ ಅಭಿಪ್ರಾಯ ಬದಲಾಯಿತೆಂದು ಅದೇ ತಂಡ ವರದಿ ಮಾಡಿದೆ.

ಚರ್ಚೆಗೂ ಒಂದು ಕ್ರಮ ಬೇಕು. ಹಾರ್ವರ್ಡ್‌ನ ಎರಿಕ್ ಮಜೂರ್ ರೂಪಿಸಿದ ‘ಪಿಯರ್ ಇನ್‌ಸ್ಟ್ರಕ್ಷನ್’ (ಸಹಪಾಠಿಗಳೇ ಪರಸ್ಪರ ಕಲಿಸುವ) ವಿಧಾನದಿಂದ ಶುರು ಮಾಡಿ. ಲಾರಿಯಂಥ ಪ್ರಶ್ನೆ ಕೇಳಿ. ಪ್ರತಿಯೊಬ್ಬರೂ ಒಬ್ಬರೇ ಯೋಚಿಸಿ ಉತ್ತರ ಆರಿಸಲಿ. ಶೇ 30ರಿಂದ 70ರಷ್ಟು ಮಂದಿ ಸರಿಯಿದ್ದರೆ ಪಕ್ಕದವರನ್ನು ಒಪ್ಪಿಸಲು ಹೇಳಿ, ಮತ್ತೆ ಕೇಳಿ. ಅದಕ್ಕಿಂತ ಕಡಿಮೆಯಿದ್ದರೆ ನೀವೇ ವಿವರಿಸಬೇಕು, ಹೆಚ್ಚಿದ್ದರೆ ಮುಂದಕ್ಕೆ ಹೋಗಿ. ಮೊದಲ ಉತ್ತರವನ್ನು ಒಬ್ಬರೇ ಕೊಡುವುದು ತಪ್ಪಬಾರದು, ಇಲ್ಲದಿದ್ದರೆ ಜಾಣರ ಉತ್ತರವೇ ಎಲ್ಲರ ಉತ್ತರವಾಗುತ್ತದೆ.

ಇಷ್ಟಾದರೂ ಅಂತಿಮ ಪರೀಕ್ಷೆಯಲ್ಲಿ ಸೂತ್ರ ಹಾಕುವ ಲೆಕ್ಕಗಳಷ್ಟೇ ಇದ್ದರೆ ಎಲ್ಲವೂ ವ್ಯರ್ಥ. ಪರೀಕ್ಷೆಗೆ ಬರುವುದನ್ನೇ ವಿದ್ಯಾರ್ಥಿ ಓದುವುದು, ಅದರಲ್ಲಿ ಅವರ ತಪ್ಪೇನೂ ಇಲ್ಲ. ಪ್ರತಿ ಪತ್ರಿಕೆಯಲ್ಲಿ ಸಂಖ್ಯೆಗಳೇ ಇಲ್ಲದ ಒಂದಾದರೂ ಪ್ರಶ್ನೆಯಿಡಿ: ‘ದ್ರವ್ಯರಾಶಿ ಇಮ್ಮಡಿಯಾದರೆ ಏನಾಗುತ್ತದೆ, ಏಕೆ?’ ಅಂಕವನ್ನು ಆ ‘ಏಕೆ’ಗೆ ಕೊಡಿ.