ನೋಟ್‌ಬುಕ್‌ನಲ್ಲಿ ಇಲ್ಲದ ಹೆಸರು

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರಿಗೆ ಐವತ್ತರ ಆಸುಪಾಸು. ಆಪ್ತ ಸಲಹೆಗೆಂದು ನನ್ನ ಹತ್ತಿರ ಕಳಿಸಿದ್ದು ಅವರ ಹೆಂಡತಿ. "ವಾರಕ್ಕೆ ಮೂರು ದಿನ ಊಟ ಬಿಡ್ತಾರೆ, ಯಾರ ಮಾತೂ ಕೇಳಲ್ಲ" ಅಂತ ಫೋನಿನಲ್ಲಿ ಹೇಳಿದ್ದರು. ಬಂದು ಕೂತವರು ತುಂಬ ಹೊತ್ತು ಮಾತಾಡಲಿಲ್ಲ. ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಅದರ ಮೂಲೆಗಳು ಸವೆದು ಬಟ್ಟೆಯ ಹಾಗೆ ಮೆತ್ತಗಾಗಿದ್ದವು.

ಒಳಗೆ ಬರೀ ಲೆಕ್ಕ. ತಾರೀಖು, ಉಪವಾಸ, ಸಭೆಗೆ, ಅಂದರೆ ಚರ್ಚಿಗೆ, ಕೊಟ್ಟ ಕಾಣಿಕೆ, ತನಗೆ ಬೇಡ ಅಂತ ಬಿಟ್ಟದ್ದು. ಒಂದು ಸಾಲಿನಲ್ಲಿ "ಹೊಸ ಚಪ್ಪಲಿ ಬೇಡ" ಅಂತ ಇತ್ತು. ಹೀಗೆ ಒಂಬತ್ತು ವರ್ಷದ ಲೆಕ್ಕ.

ಒಂಬತ್ತು ವರ್ಷದ ಹಿಂದೆ ಏನಾಯಿತು ಅಂತ ಕೇಳಿದೆ. ಹೇಳಿಕೊಳ್ಳಲು ಅವರಿಗೆ ಎರಡು ಭೇಟಿ ಬೇಕಾಯಿತು. ತಂದೆ ತೀರಿಕೊಂಡ ಮೇಲೆ ಮನೆ ಮಾರಿದ್ದರು. ದೂರದಲ್ಲಿದ್ದ ತಮ್ಮ, ಅಣ್ಣ ತೋರಿಸಿದ ಕಡೆ ಸಹಿ ಹಾಕಿದ್ದ. ನಿಜವಾಗಿ ಎಷ್ಟಕ್ಕೆ ಮಾರಾಟ ಆಯಿತು ಅಂತ ಇವರು ಹೇಳಲೇ ಇಲ್ಲ. ಆಮೇಲೆ ತಮ್ಮನಿಗೆ ಗೊತ್ತಾಯಿತು. ಜಗಳ ಆಡಲಿಲ್ಲ. ಬರೋದನ್ನೇ ಬಿಟ್ಟ.

ಅಂದಿನಿಂದ ಇವರು ಕರ್ತನ ಭೋಜನದಲ್ಲಿ (ಯೇಸುವಿನ ಸಾವಿನ ನೆನಪಿಗೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ) ರೊಟ್ಟಿ ತಗೊಂಡಿಲ್ಲ. ತಟ್ಟೆ ಬಂದರೆ ಪಕ್ಕದವರಿಗೆ ದಾಟಿಸುತ್ತಾರೆ. "ಕೈ ಮುಂದೆ ಬರಲ್ಲ ಮೇಡಂ. ನಾನಿನ್ನೂ ತೀರಿಸಿಲ್ಲ ಅಲ್ವಾ?"

"ಎಷ್ಟು ಉಪವಾಸ ಮಾಡಿದರೆ ತೀರುತ್ತೆ ಸರ್?" ಅಂದೆ. ಉತ್ತರ ಇರಲಿಲ್ಲ.

ಮೊದಲು ಆರೋಗ್ಯ ನೋಡಬೇಕಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇದೆ. ಉಪವಾಸದ ದಿನ ಒಮ್ಮೆ ತಲೆ ಸುತ್ತಿ ಬಿದ್ದಿದ್ದರು. ವೈದ್ಯರನ್ನು ಕಂಡು ಬರಲೇಬೇಕು, ಸರಿಯಾಗಿ ನಿದ್ದೆ ಬರದೆ ಎಷ್ಟು ದಿನವಾಯಿತು ಅನ್ನೋದನ್ನೂ ಅವರಿಗೆ ಹೇಳಬೇಕು ಅಂದೆ. ಇದರಲ್ಲಿ ನಾನು ಸಡಿಲ ಬಿಡೋದಿಲ್ಲ. ದೇವರ ಹೆಸರಿನಲ್ಲಿ ಮಾಡಿದರೂ ದೇಹಕ್ಕೆ ಕೊಡುವ ಶಿಕ್ಷೆ ಶಿಕ್ಷೆಯೇ.

ಮುಂದಿನ ಭೇಟಿಗೆ ಬೈಬಲ್ ತನ್ನಿ ಅಂದಿದ್ದೆ. ಅವರದೂ ನನ್ನದೂ ಒಂದೇ ನಂಬಿಕೆ, ಹಾಗಾಗಿ ಅದರೊಳಗೇ ನಿಂತು ಮಾತಾಡಲು ಆಯಿತು. ಇಬ್ರಿಯರಿಗೆ ಬರೆದ ಪತ್ರದ 10ನೇ ಅಧ್ಯಾಯ ತೆಗೆಸಿದೆ. ಅಲ್ಲಿ ಜನರ ಪಾಪಕ್ಕಾಗಿ ಯಜ್ಞ ಅರ್ಪಿಸುವ ಯಾಜಕ ದಿನಾಲೂ ನಿಂತೇ ಇರುತ್ತಾನೆ. ಅದೇ ಯಜ್ಞವನ್ನು ಮತ್ತೆ ಮತ್ತೆ ಅರ್ಪಿಸುತ್ತಾನೆ. ಆ ಕೆಲಸ ಮುಗಿಯೋದೇ ಇಲ್ಲ. ಕ್ರಿಸ್ತನಾದರೋ ಶಿಲುಬೆಯ ಮೇಲೆ ತನ್ನನ್ನೇ ಕೊಟ್ಟು, ಒಂದೇ ಯಜ್ಞವನ್ನು ಅರ್ಪಿಸಿ ಕುಳಿತುಕೊಂಡನು. ಆ "ಕುಳಿತುಕೊಂಡನು" ಅನ್ನುವ ಮಾತಿನ ಮೇಲೆ ಬೆರಳಿಟ್ಟು ಕೇಳಿದೆ: "ಆತ ಕೂತಾಗಿದೆ. ನೀವ್ಯಾಕೆ ಇನ್ನೂ ನಿಂತಿದ್ದೀರಿ?"

ಅವರು ಅತ್ತರು. ಆದರೆ ನಾನು ಅಲ್ಲಿಗೇ ಬಿಟ್ಟಿದ್ದರೆ ಅರ್ಧ ಸುಳ್ಳು ಹೇಳಿದ ಹಾಗಾಗುತ್ತಿತ್ತು. "ಎಲ್ಲ ಕ್ಷಮಿಸಲ್ಪಟ್ಟಿದೆ, ಹಾಯಾಗಿರಿ" ಅಂತ ಕಳಿಸಿಬಿಡೋದು ಸುಲಭ. ಹಾಗೆ ಕಳಿಸಿಕೊಂಡವರನ್ನು ತುಂಬ ನೋಡಿದ್ದೇನೆ. ಕೆಲವೇ ತಿಂಗಳಲ್ಲಿ ಅದೇ ಭಾರ ಹೊತ್ತು ವಾಪಸ್ ಬರುತ್ತಾರೆ.

ನೋಟ್‌ಬುಕ್ಕನ್ನು ಮತ್ತೆ ತಿರುವಿದೆ. ಅದರಲ್ಲಿ ಸಭೆ ಇತ್ತು, ಬಡವರಿದ್ದರು, ಅನಾಥ ಮಕ್ಕಳಿದ್ದರು. ತಮ್ಮನ ಹೆಸರು ಒಂದು ಕಡೆಯೂ ಇರಲಿಲ್ಲ.

ಅದನ್ನು ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು. ಬೇಕಂತಲೇ ಮುಚ್ಚಿಟ್ಟದ್ದಲ್ಲ, ಅವರಿಗೇ ಅದು ಕಂಡಿರಲಿಲ್ಲ. ಯಾರಿಗೆ ಕೊಡಬೇಕಿತ್ತೋ ಅವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಕೊಟ್ಟಿದ್ದರು. ತಮ್ಮನ ಮುಂದೆ ಹೋಗಿ ನಿಲ್ಲೋದಕ್ಕಿಂತ ಹಸಿದಿರೋದು ಸುಲಭವಾಗಿತ್ತು.

ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಹೇಳೋದೂ ಇದನ್ನೇ. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ, ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗು. ಹಳೆಯ ಒಡಂಬಡಿಕೆಯ ಯಾಜಕಕಾಂಡ 6ನೇ ಅಧ್ಯಾಯದಲ್ಲಿ ಲೆಕ್ಕವೂ ಇದೆ: ಮೋಸದಿಂದ ತಗೊಂಡದ್ದನ್ನು ಪೂರ್ತಿ ಹಿಂದಿರುಗಿಸಿ, ಜೊತೆಗೆ ಅದರ ಐದನೇ ಒಂದು ಪಾಲನ್ನೂ ಕೊಡಬೇಕು. ಕೊಡಬೇಕಾದ್ದು ದೇವಾಲಯಕ್ಕಲ್ಲ, ಕಳೆದುಕೊಂಡವನಿಗೆ.

"ಹಾಗಾದರೆ ಹಣ ಕೊಟ್ಟ ಮೇಲೆ ತಾನೇ ಕ್ಷಮೆ?" ಅಂದರು. ಇಲ್ಲಿಯೇ ಎಲ್ಲರೂ ಎಡವೋದು. ತೆರಿಗೆ ವಸೂಲಿ ಮಾಡುತ್ತಿದ್ದ, ಜನ ಪಾಪಿ ಅನ್ನುತ್ತಿದ್ದ ಬೈಬಲ್‌ನ ಜಕ್ಕಾಯನನ್ನು ನೆನಪಿಸಿದೆ. ಯೇಸು ಮೊದಲು "ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ" ಅಂದ. ನಾಲ್ಕರಷ್ಟು ಹಿಂದಿರುಗಿಸುವ ಮಾತು ಜಕ್ಕಾಯನ ಬಾಯಿಂದ ಬಂದದ್ದು ಆಮೇಲೆ. ಕೊಟ್ಟದ್ದಕ್ಕೆ ಅವನನ್ನು ಒಪ್ಪಿಕೊಂಡದ್ದಲ್ಲ, ಒಪ್ಪಿಕೊಂಡದ್ದಕ್ಕೆ ಅವನಿಂದ ಕೊಡಲು ಆಯಿತು. ಶಿಲುಬೆಯ ಬಿಡುಗಡೆ ಅಂದರೆ ನನಗೆ ಅರ್ಥವಾಗೋದು ಇದೇ. ಶಿಕ್ಷೆಯ ಭಯ ಹೋದ ಮೇಲೆ ಮನುಷ್ಯ ನಿಜ ಹೇಳಬಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ನೋಟ್‌ಬುಕ್‌ನಲ್ಲಿ ಬರೆಯೋದು ನಿಲ್ಲಿಸಿ. ಹೆಂಡತಿಗೆ ಮೊದಲು ಎಲ್ಲ ಹೇಳಿ, ಯಾಕಂದರೆ ಹಣ ಹೋಗೋದು ಅವರ ಮನೆಯಿಂದಲೂ ಹೌದು. ತಮ್ಮನಿಗೆ ಕಾಗದ ಬರೆಯಿರಿ. ಅದರಲ್ಲಿ "ಆದರೆ" ಅನ್ನೋ ಪದ ಬೇಡ. ಏನು ಮಾಡಿದೆ, ಎಷ್ಟು ತಗೊಂಡೆ, ಯಾವಾಗ ಹಿಂದಿರುಗಿಸುತ್ತೇನೆ, ಅಷ್ಟೇ. ಕ್ಷಮಿಸು ಅಂತ ಒತ್ತಾಯ ಮಾಡಬೇಡಿ. ದೇವರು ಕ್ಷಮಿಸಿದ್ದಾನೆ ಅಂತ ತಮ್ಮನಿಗೆ ಹೇಳಲೂ ಬೇಡಿ. ನೋವುಂಡವನಿಗೆ ಆ ಮಾತು ಬಾಯಿ ಮುಚ್ಚಿಸಿದ ಹಾಗೆ ಕೇಳಿಸುತ್ತೆ. ಅವನು ಕ್ಷಮಿಸದೇ ಹೋಗಬಹುದು. ಅದು ಅವನಿಗೆ ಬಿಟ್ಟದ್ದು.

ಕಾಗದವನ್ನು ನಾಲ್ಕು ಸಲ ಬರೆದರು. ಮೊದಲ ಮೂರರಲ್ಲೂ "ಆದರೆ" ಇತ್ತು.

ಐದನೇ ಒಂದು ಪಾಲು ಸೇರಿಸಿ, ಎರಡು ಕಂತಿನಲ್ಲಿ ಹಣ ಹೋಯಿತು. ತಮ್ಮನಿಂದ ಬಂದದ್ದು ಒಂದೇ ಮೆಸೇಜು: "ಹಣ ಬಂತು ಅಣ್ಣ. ಮಾತಾಡೋಕೆ ನನಗಿನ್ನೂ ಟೈಮ್ ಬೇಕು." ನನಗೆ ತೋರಿಸುವಾಗ ಅವರ ಬೆರಳು "ಅಣ್ಣ" ಅನ್ನುವ ಪದದ ಪಕ್ಕದಲ್ಲೇ ನಿಂತಿತ್ತು.

ಆ ಭಾನುವಾರ ತಟ್ಟೆ ಬಂದಾಗ ದಾಟಿಸಲಿಲ್ಲವಂತೆ. "ಕೈ ನಡುಗ್ತಿತ್ತು ಮೇಡಂ. ಸ್ವಲ್ಪ ರೊಟ್ಟಿ ಕೆಳಗೆ ಬಿತ್ತು. ಹೆಂಡತಿ ಎತ್ತಿ ಕೈಗೆ ಕೊಟ್ಟಳು."